ಬಿದ್ದ ನಾಯಿಯೂ ಗೃಹಸ್ಥನ ದಯೆಯೂ

ದಯೆಯು ಧರ್ಮಜೀವನದ ತಳಹದಿಯೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಒಪ್ಪುವುದು ಬೇರೆ, ಆಚರಿಸುವುದು ಬೇರೆ. ಮನಸ್ಸು ನೆಮ್ಮದಿಯಿಂದಿರುವಾಗ, ಕೊಡತಕ್ಕದ್ದು ಕೈಯಲ್ಲಿರುವಾಗ, ಪಡೆಯುವವನು ಕೈಮುಗಿದು ನಿಂತಿರುವಾಗ ದಯಾಳುವೆನಿಸಿಕೊಳ್ಳುವುದು ಕಷ್ಟವಲ್ಲ. ಮಾತಿಲ್ಲದ, ಮುಪ್ಪಾದ, ಇನ್ನು ಯಾವ ಉಪಯೋಗಕ್ಕೂ ಬಾರದಂತೆ ತೋರುವ ಒಂದು ಜೀವವು ಹಠಾತ್ತನೆ ಕಾಲ ಬಳಿ ಕುಸಿದು ಬಿದ್ದಾಗ ಮನೆಯ ಯಜಮಾನನು ಏನನ್ನು ಮಾಡುವನೆಂಬುದೇ ದಯೆಗೆ ಒರೆಗಲ್ಲು. ಮನೆಯ ಮುದಿನಾಯಿಯ ವಿಷಯದಲ್ಲಿ ಈ ಪರೀಕ್ಷೆಯು ಅನೇಕ ಗೃಹಸ್ಥರಿಗೆ ಒಂದಲ್ಲ ಒಂದು ದಿನ ಒದಗುತ್ತದೆ. ವಿಷಯವು ಚಿಕ್ಕದೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದರಲ್ಲಿ ಅಡಗಿರುವ ಧರ್ಮಸೂಕ್ಷ್ಮವು ಚಿಕ್ಕದಲ್ಲ.

ಸಾಮಾನ್ಯವಾಗಿ ಅದು ನಡೆಯುವ ಬಗೆ ಹೀಗೆ. ಹತ್ತು ಹನ್ನೆರಡು ವರ್ಷ ಅಂಗಳವನ್ನು ಕಾಯ್ದ ನಾಯಿ. ರಾತ್ರಿ ಎಂದಿನಂತೆ ಉಂಡು ಮಲಗಿತ್ತು. ಬೆಳಗ್ಗೆ ಏಳಹೋದರೆ ಕಾಲು ನಿಲ್ಲದು. ಎದ್ದರೂ ಒಂದೇ ಬದಿಗೆ ವಾಲಿ ಬೀಳುತ್ತದೆ. ಇಲ್ಲವೆ ಒಂದೇ ಕಡೆಗೆ ಸುತ್ತು ಹಾಕುತ್ತದೆ. ತಲೆಯು ಓರೆಯಾಗಿದೆ. ಕಣ್ಣಾಲಿಗಳು ತಮ್ಮಷ್ಟಕ್ಕೆ ತಾವೇ ಅತ್ತಿಂದಿತ್ತ ಅದುರುತ್ತಿವೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ವಾಂತಿಯಾಗುತ್ತದೆ, ಅನ್ನವನ್ನು ಮೂಸಿಯೂ ನೋಡುವುದಿಲ್ಲ. ನಿನ್ನೆ ಸಂಜೆ ಬಾಗಿಲಲ್ಲಿ ಬೊಗಳಿದ ಪ್ರಾಣಿಯು ಇಂದು ನೆಲವನ್ನೇ ನಂಬಲಾರದಂತೆ ಉಗುರುಗಳಿಂದ ಅದನ್ನು ಹಿಡಿದುಕೊಂಡು ಮಲಗಿದೆ. ನೋಡಿದವರ ಎದೆ ಝಲ್ಲೆನ್ನುವುದು ಸಹಜವೇ.

ಆಗ ಮನೆಯಲ್ಲಿ ಮೂರು ಬಗೆಯ ಮಾತುಗಳು ಹುಟ್ಟುತ್ತವೆ. "ಲಕ್ವ ಹೊಡೆಯಿತು, ಇನ್ನು ಉಳಿಯದು, ಡಾಕ್ಟರನ್ನು ಕರೆಸಿ ಒಂದು ಸೂಜಿ ಹಾಕಿಸಿಬಿಡೋಣ, ನರಳುವುದು ಬೇಡ" ಎಂದು ಒಬ್ಬರು. "ಮನೆಯಲ್ಲಿ ಸಾಯುವುದು ಬೇಡ, ಊರಾಚೆ ಹೊಲದ ಬದುವಿನಲ್ಲಿ ಬಿಟ್ಟುಬನ್ನಿ" ಎಂದು ಇನ್ನೊಬ್ಬರು. "ಅದರ ಕರ್ಮ ಇದ್ದಂತಾಗಲಿ, ಮೂಲೆಯಲ್ಲಿ ಬಿದ್ದಿರಲಿ" ಎಂದು ಮತ್ತೊಬ್ಬರು. ಮೊದಲನೆಯದು ಕರುಣೆಯಂತೆ ತೋರುತ್ತದೆ, ಎರಡನೆಯದು ಕ್ರೌರ್ಯದಂತೆ, ಮೂರನೆಯದು ವೈರಾಗ್ಯದಂತೆ. ಆದರೆ ಮೂರಕ್ಕೂ ಸಮಾನವಾದ ದೋಷವೊಂದುಂಟು. ನಾಯಿಗೆ ಆಗಿರುವುದೇನೆಂಬುದನ್ನು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಅರಿಯುವುದಕ್ಕೆ ಮೊದಲೇ ಮೂವರೂ ತೀರ್ಪನ್ನು ಕೊಟ್ಟರು.

ಅರಿವೂ ಆಚಾರವೂ ಒಂದನ್ನೊಂದು ಬಿಟ್ಟಿರಲಾಗದೆಂಬುದು ಶರಣರ ಬೋಧೆಯ ಜೀವಾಳ. ಆಚಾರವಿಲ್ಲದ ಅರಿವು ಬರಿಯ ಮಾತಾಗುತ್ತದೆ. ಅರಿವಿಲ್ಲದ ಆಚಾರವು ಕುರುಡಾಗುತ್ತದೆ. ಈ ಮಾತನ್ನು ಪೂಜೆ, ವ್ರತ, ನೇಮಗಳ ವಿಷಯದಲ್ಲಿ ಹೇಳುವುದು ವಾಡಿಕೆ. ದಯೆಯೂ ಒಂದು ಆಚಾರವೇ ಆದ್ದರಿಂದ ದಯೆಗೂ ಅದು ಸಲ್ಲುತ್ತದೆ. ಅರಿವಿಲ್ಲದ ದಯೆಯು ಕೈಯಲ್ಲಿ ಸೂಜಿ ಹಿಡಿದರೆ ಬದುಕಬೇಕಾದ ಜೀವವನ್ನು ಕೊಲ್ಲಬಲ್ಲುದು. ಕೈಕಟ್ಟಿ ಕುಳಿತರೆ ನೋವು ನೀಗಬಹುದಾದ ಜೀವವನ್ನು ನರಳಿಸಬಲ್ಲುದು. ಆದುದರಿಂದ ಮೊದಲು ಪ್ರಕೃತ ವಿಷಯದಲ್ಲಿ ಅರಿಯತಕ್ಕದ್ದು ಏನೆಂಬುದನ್ನು ನೋಡಬೇಕು.

ಕಿವಿಯು ಕೇಳುವುದಕ್ಕೆ ಮಾತ್ರ ಇರುವ ಇಂದ್ರಿಯವಲ್ಲ. ಕಿವಿಯ ಅತ್ಯಂತ ಒಳಭಾಗದಲ್ಲಿ, ಎಲುಬಿನ ನಡುವೆ, ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವವು ತುಂಬಿರುತ್ತದೆ. ತಲೆಯು ತಿರುಗಿದಂತೆ ಈ ದ್ರವವು ಅಲುಗಿ, ತಲೆ ಯಾವ ದಿಕ್ಕಿಗೆ ತಿರುಗಿತೆಂಬ ಸುದ್ದಿಯನ್ನು ನರದ ಮೂಲಕ ಮೆದುಳಿಗೆ ಮುಟ್ಟಿಸುತ್ತದೆ. ಎಡ ಬಲ ಎರಡು ಕಿವಿಗಳ ಸುದ್ದಿಯನ್ನೂ ಕೂಡಿಸಿ ಮೆದುಳು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ. ಒಂದು ಕಡೆಯ ಸುದ್ದಿ ಹಠಾತ್ತನೆ ನಿಂತರೆ ಅಥವಾ ಕೆಟ್ಟರೆ, ತಲೆಯು ನಿಶ್ಚಲವಾಗಿದ್ದರೂ ಗಿರ್ರನೆ ತಿರುಗುತ್ತಿದೆಯೆಂದು ಮೆದುಳು ಭ್ರಮಿಸುತ್ತದೆ. ಆ ತಿರುಗುವಿಕೆಯನ್ನು ಹಿಂಬಾಲಿಸಲು ಕಣ್ಣು ಅದುರುತ್ತದೆ. ದೇಹವು ಒಂದು ಬದಿಗೆ ಬೀಳುತ್ತದೆ. ದೋಣಿಯಲ್ಲಿ ಕುಳಿತವನಿಗಾಗುವಂತೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಕಾಲಿನಲ್ಲಿ ಬಲವಿದ್ದರೂ ನಿಲ್ಲಲಾಗದ ಸ್ಥಿತಿ ಇದು.

ಮುದಿನಾಯಿಗಳಲ್ಲಿ ಈ ಸಮತೋಲದ ಅಂಗವು ಕಾರಣವೇ ಕಾಣದಂತೆ ಒಮ್ಮಿಂದೊಮ್ಮೆಗೆ ಕೆಡುವುದುಂಟೆಂದು ಪಶುವೈದ್ಯರು ಚೆನ್ನಾಗಿ ಬಲ್ಲರು. ನೋಡುವವರಿಗೆ ಅದು ಲಕ್ವದಂತೆಯೇ ಭಯಂಕರವಾಗಿ ಕಾಣುತ್ತದೆ. ಆದರೆ ಅನೇಕ ಸಲ ಅದು ಲಕ್ವವಲ್ಲ. ಆ ರೋಗದಿಂದಲೇ ನೋವೂ ಇರುವುದಿಲ್ಲ. ಇರುವುದು ತಲೆಸುತ್ತು, ಓಕರಿಕೆ ಮತ್ತು ಗಾಬರಿ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಕಣ್ಣಿನ ಅದುರಾಟವು ಇಳಿಮುಖವಾಗುತ್ತದೆ. ನಾಯಿಯು ಗೋಡೆಗೆ ಮೈಯೊತ್ತಿ ನಿಲ್ಲಲು ಕಲಿಯುತ್ತದೆ. ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಕೆಲವು ನಾಯಿಗಳಿಗೆ ತಲೆಯ ಅಲ್ಪ ಓರೆಯು ಕೊನೆಯವರೆಗೂ ಉಳಿಯುತ್ತದೆ. ಕೆಲವಕ್ಕೆ ಮುಂದೆ ಎಂದಾದರೂ ಮತ್ತೊಮ್ಮೆ ಹೀಗಾಗಬಹುದು. ಅಂದರೆ, ಮೊದಲನೆಯ ದಿನ ಸೂಜಿ ಹಾಕಿಸಿಕೊಂಡು ಸತ್ತ ಎಷ್ಟೋ ನಾಯಿಗಳು ನಾಲ್ಕನೆಯ ದಿನ ಎದ್ದು ನೀರು ಕುಡಿಯಬಹುದಾಗಿತ್ತು. ಈ ಒಂದು ಮಾತನ್ನು ಗೃಹಸ್ಥನು ಬಲ್ಲವನಾದರೆ ಸಾಕು, ಅವನ ದಯೆಯ ಸ್ವರೂಪವೇ ಬೇರೆಯಾಗುತ್ತದೆ.

ಇದರಿಂದ ಬಿದ್ದ ನಾಯಿಗಳೆಲ್ಲವೂ ತಾವಾಗಿಯೇ ಏಳುವುವೆಂದು ತಿಳಿಯತಕ್ಕದ್ದಲ್ಲ. ಕಿವಿಯ ಒಳಗೆ ಕೀವಾಗಿದ್ದರೂ ಇದೇ ಲಕ್ಷಣಗಳು ತೋರುತ್ತವೆ. ಅದಕ್ಕೆ ಔಷಧವೇ ಬೇಕು. ಮೆದುಳಿನಲ್ಲಿ ಗೆಡ್ಡೆ ಬೆಳೆದಿದ್ದರೆ, ರಕ್ತಸಂಚಾರ ನಿಂತಿದ್ದರೆ ಆಗಲೂ ಪ್ರಾಣಿಯು ಓರೆಯಾಗಿ ಬೀಳುತ್ತದೆ. ಆಗ ಕಣ್ಣು ಮೇಲಕ್ಕೂ ಕೆಳಕ್ಕೂ ಅದುರುವುದು, ಪ್ರಜ್ಞೆ ಮಂಕಾಗುವುದು, ಕಾಲುಗಳ ಬಲವೇ ಕುಂದುವುದು ಮುಂತಾದ ಬೇರೆ ಗುರುತುಗಳೂ ಕಾಣಿಸಬಹುದು. ಬೆನ್ನುಮೂಳೆಯ ಕೀಲಿನ ಬಿಲ್ಲೆ ಜಾರಿ ನರವನ್ನು ಒತ್ತಿದರೆ ತಲೆ ನೆಟ್ಟಗಿದ್ದು ಹಿಂಗಾಲುಗಳು ಮಾತ್ರ ಸೋಲುತ್ತವೆ. ಹೃದಯದ ದೌರ್ಬಲ್ಯದಿಂದ ಮೂರ್ಛೆ ಬಂದರೆ ಪ್ರಾಣಿಯು ಕ್ಷಣಕಾಲ ಬಿದ್ದು ಮತ್ತೆ ಏಳುತ್ತದೆ. ರಕ್ತ ಹೀರುವ ಉಣ್ಣೆಹುಳುಗಳಿಂದ ಅಂಟುವ ಜ್ವರದಲ್ಲಿ ರಕ್ತ ಕ್ಷೀಣಿಸಿ ನಿತ್ರಾಣವುಂಟಾಗುತ್ತದೆ. ಇನ್ನು ಗುಲ್ಮದಲ್ಲಿ ಬೆಳೆದ ಗೆಡ್ಡೆಯು ಒಡೆದು ಹೊಟ್ಟೆಯೊಳಗೆ ರಕ್ತ ಸುರಿದರೆ, ತುಟಿಯನ್ನೆತ್ತಿ ನೋಡಿದಾಗ ವಸಡು ಬಿಳುಚಿರುತ್ತದೆ, ಉಸಿರು ವೇಗವಾಗಿರುತ್ತದೆ, ಹೊಟ್ಟೆ ಉಬ್ಬಿರಬಹುದು. ಅಲ್ಲಿ ಕಾಯುವುದಕ್ಕೆ ಗಂಟೆಗಳೂ ಇರುವುದಿಲ್ಲ.

ವಸಡನ್ನು ನೋಡುವ ಮೊದಲು ಮರೆಯಬಾರದ ಎಚ್ಚರವೊಂದುಂಟು. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಯಾವಾಗಲೂ ಕಚ್ಚಾಡುವ ರೂಪದಲ್ಲಿಯೇ ಬರುವುದಿಲ್ಲ. ದವಡೆ ಜೋತು, ನುಂಗಲಾರದೆ ಜೊಲ್ಲು ಸುರಿದು, ಕಾಲುಗಳು ಸೋತು ಸುಮ್ಮನೆ ಬೀಳುವ ರೂಪವೂ ಅದಕ್ಕುಂಟು. ವರ್ಷ ವರ್ಷ ಲಸಿಕೆ ಹಾಕಿಸದ ನಾಯಿಯು ಹೀಗೆ ಬಿದ್ದರೆ, ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವುದು ಅಪಾಯಕರ. ಅಂತಹ ನಾಯಿಯ ಹಲ್ಲು ತಾಗಿದರೆ ಅಥವಾ ಜೊಲ್ಲು ಗಾಯಕ್ಕೆ ಸೋಕಿದರೆ, ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಮನೆಯ ಮಕ್ಕಳ ಪ್ರಾಣವನ್ನು ಪಣಕ್ಕಿಡುವ ದಯೆಯು ದಯೆಯಲ್ಲ.

ಇಷ್ಟೆಲ್ಲ ಭೇದಗಳಿರುವಲ್ಲಿ ಮನೆಯವರು ಕಣ್ಣಳತೆಯಿಂದ ನಿರ್ಣಯಿಸುವುದು ಸಾಧ್ಯವೆ? ಸಾಧ್ಯವಿಲ್ಲ. ಸಾಧ್ಯವಿಲ್ಲವೆಂದು ತಿಳಿಯುವುದೇ ಇಲ್ಲಿ ಅರಿವಿನ ಮೊದಲ ಮೆಟ್ಟಿಲು. ಬಲ್ಲವರನ್ನು ಕರೆಸಿ ಕೇಳುವುದು ಎರಡನೆಯದು. ಪಶುವೈದ್ಯನು ಕಿವಿಯೊಳಗೆ ನೋಡಿ, ಕಣ್ಣು ಯಾವ ದಿಕ್ಕಿಗೆ ಅದುರುವುದೆಂದು ಗಮನಿಸಿ, ಪಾದವನ್ನು ಮಡಿಚಿಟ್ಟರೆ ಪ್ರಾಣಿಯು ಅದನ್ನು ನೆಟ್ಟಗೆ ಮಾಡಿಕೊಳ್ಳುವುದೋ ಇಲ್ಲವೋ ಎಂದು ಪರೀಕ್ಷಿಸಿ, ಬೇಕಾದರೆ ರಕ್ತವನ್ನು ತಪಾಸಣೆ ಮಾಡಿ ಬಹುಮಟ್ಟಿಗೆ ಹೇಳಬಲ್ಲನು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಇಂದು ತಾಲ್ಲೂಕು ಊರುಗಳಲ್ಲಿ ಸರ್ಕಾರದ ಪಶು ಆಸ್ಪತ್ರೆಗಳಿವೆ. ಎತ್ತು ಎಮ್ಮೆಗಳಿಗೆ ಕಾಯಿಲೆಯಾದರೆ ಓಡಿಹೋಗುವ ಕಾಲುಗಳು ನಾಯಿಗಾಗಿ ಅದೇ ದಾರಿಯನ್ನು ತುಳಿಯಲು ಏಕೆ ಹಿಂಜರಿಯಬೇಕು?

ಈ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಧರ್ಮವಿಚಾರದ ಗಂಟಿರುವುದು. ಎತ್ತು ಉಳುತ್ತದೆ, ಎಮ್ಮೆ ಕರೆಯುತ್ತದೆ. ಮುದಿನಾಯಿಯಿಂದ ಏನು ಬರಬೇಕು ಎಂಬುದೇ ಆ ಉತ್ತರ. ಹಾಗಾದರೆ ಇದುವರೆಗೆ ಅದಕ್ಕೆ ಹಾಕಿದ ಅನ್ನವು ಏನಾಗಿತ್ತು? ಕಾವಲಿಗೆ ಕೊಟ್ಟ ಕೂಲಿಯಾಗಿತ್ತೆ? ಕೂಲಿಯಾಗಿದ್ದರೆ ಕೆಲಸ ನಿಂತ ದಿನ ಕೂಲಿಯೂ ನಿಲ್ಲುವುದು ನ್ಯಾಯವೆನ್ನಬಹುದು. ಆದರೆ ಆ ದಿನದವರೆಗೆ ಅದನ್ನು ಪ್ರೀತಿಯೆಂದು ಹೇಳಿಕೊಳ್ಳುವ ಅಧಿಕಾರವು ಯಜಮಾನನಿಗಿರಲಿಲ್ಲವೆಂದಾಗುತ್ತದೆ. ದಾಸೋಹಕ್ಕೂ ಕೊಡುಕೊಳ್ಳುವ ವ್ಯವಹಾರಕ್ಕೂ ಇರುವ ಅಂತರವು ಇದೇ ಅಲ್ಲವೆ? ದಾಸೋಹದಲ್ಲಿ ನೀಡುವವನು ತಿರುಗಿ ಬರುವುದನ್ನು ಲೆಕ್ಕಿಸುವುದಿಲ್ಲ. ನೀಡಲು ಅವಕಾಶ ದೊರೆತುದನ್ನೇ ಲಾಭವೆಂದೆಣಿಸುತ್ತಾನೆ. ಜಂಗಮಕ್ಕೆ ಸಲ್ಲಿಸುವ ದಾಸೋಹವನ್ನು ನಾಯಿಗೆ ಹಾಕುವ ಅನ್ನದೊಡನೆ ಸಮೀಕರಿಸಬೇಕಾಗಿಲ್ಲ. ಆದರೆ ಲೆಕ್ಕವಿಡದೆ ನೀಡುವ ಆ ಮನೋಧರ್ಮವು ಊಟದ ಪಂಕ್ತಿಯಲ್ಲಿ ಇದ್ದು ಅಂಗಳದಲ್ಲಿ ಇಲ್ಲವಾದರೆ, ಪಂಕ್ತಿಯಲ್ಲಿ ಇದ್ದುದೂ ನಿಜವೇ ಎಂದು ಸಂದೇಹಪಡಬೇಕಾಗುತ್ತದೆ.

ಕನ್ನಡ ನಾಡು ನಾಯಿಯನ್ನು ಗೌರವಿಸಿದ ರೀತಿಗೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನ ಶಾಸನವು ಕ್ರಿ.ಶ. ೯೫೦ರ ಸುಮಾರಿನದು, ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ ಅದು. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಹೊನ್ನನ್ನು ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಶಿವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದು ಶಾಸನದಲ್ಲಿ ಬರೆಯಿಸಿದರು. ಬಸವಪುರಾಣದಲ್ಲಿಯೂ ಶರಣರೊಬ್ಬರ ನಾಯಿಯು ವೇದವನ್ನು ಓದಿತೆಂಬ ಪ್ರಸಂಗವುಂಟು.

ಹಂದಿಯೊಡನೆ ಹೋರಾಡಿದ ನಾಯಿಗೆ ಕಲ್ಲು, ವೇದವನ್ನೋದಿದ ನಾಯಿಗೆ ಪುರಾಣದಲ್ಲಿ ಸ್ಥಾನ. ಎರಡೂ ಯುಕ್ತವೇ. ಆದರೆ ಅಲ್ಲಿ ಗೌರವ ಸಂದುದು ಶೌರ್ಯಕ್ಕೆ ಮತ್ತು ಮಹಿಮೆಗೆ. ಶೌರ್ಯವೂ ಇಲ್ಲದೆ ಮಹಿಮೆಯೂ ಇಲ್ಲದೆ, ಮುಪ್ಪಿನಲ್ಲಿ ತನ್ನ ವಾಂತಿಯ ಪಕ್ಕದಲ್ಲಿಯೇ ಬಿದ್ದ ನಾಯಿಗೆ ಸಲ್ಲತಕ್ಕದ್ದೇನು? ಅದಕ್ಕೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಅದಕ್ಕೆ ಸಲ್ಲಬೇಕಾದುದು ಒಂದು ಬಟ್ಟಲು ನೀರು, ಒಂದು ಗೋಣಿತಾಟು, ಮೂರು ದಿನಗಳ ತಾಳ್ಮೆ.

ಇಂತಹ ತಾಳ್ಮೆಯು ಮನುಷ್ಯಕುಲಕ್ಕೆ ಹೊಸದಲ್ಲವೆಂಬುದಕ್ಕೆ ದೂರದೇಶದಿಂದ ಒಂದು ನಿದರ್ಶನ ದೊರೆತಿದೆ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಕಲ್ಲುಗಣಿ ಕೆಲಸದವರಿಗೆ ಒಂದು ಪ್ರಾಚೀನ ಸಮಾಧಿಯು ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಅವರೊಡನೆ ಒಂದು ನಾಯಿಯ ಎಲುಬುಗಳು. ಅದು ಸುಮಾರು ೧೪,೦೦೦ ವರ್ಷಗಳಷ್ಟು ಹಳೆಯದು. ೨೦೧೮ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ವಿದ್ವಾಂಸರು ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿ, ಅದು ಇನ್ನೂ ಎಳೆಯ ನಾಯಿಯೆಂದೂ, ಡಿಸ್ಟೆಂಪರ್ ಎಂಬ ಮಾರಕ ರೋಗಕ್ಕೆ ತುತ್ತಾಗಿತ್ತೆಂದೂ, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ವಾರಗಳ ಕಾಲ ಬದುಕಿರಲಾರದೆಂದೂ ನಿರ್ಣಯಿಸಿದರು. ಬೇಟೆಯಾಡಿ ಹೊಟ್ಟೆಹೊರೆಯುತ್ತಿದ್ದ ಆ ಜನಕ್ಕೆ ನಾಳಿನ ಆಹಾರದ ಭರವಸೆಯಿರಲಿಲ್ಲ. ರೋಗಿಷ್ಠವಾದ ಆ ಮರಿಯಿಂದ ಬೇಟೆಗೆ ಏನೂ ನೆರವಿರಲಿಲ್ಲ. ಆದರೂ ಯಾರೋ ಅದರ ಮೈಯನ್ನು ಶುಚಿಯಾಗಿಟ್ಟರು, ಯಾರೋ ನೀರು ಕುಡಿಸಿದರು. ಧರ್ಮಗ್ರಂಥಗಳು ಹುಟ್ಟುವುದಕ್ಕೆ ಬಹಳ ಮೊದಲೇ ಮನುಷ್ಯನು ಬಲ್ಲವನಾಗಿದ್ದ ಧರ್ಮವಿದು.

ನಾಯಿಯು ಹೀನ ಪ್ರಾಣಿಯಲ್ಲವೆ, ವಚನಗಳಲ್ಲಿಯೂ ಅದನ್ನು ಹೀನಕ್ಕೆ ಉಪಮಾನವಾಗಿ ಹೇಳಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಚಂಚಲವಾದ ಮನಸ್ಸನ್ನು, ಬಿಟ್ಟ ಚಟಕ್ಕೆ ಮರಳುವ ಆಸೆಯನ್ನು ನಾಯಿಗೆ ಹೋಲಿಸಿರುವುದು ನಿಜ. ಆದರೆ ಅಲ್ಲಿ ನಿಂದೆಗೆ ಗುರಿಯಾದುದು ಮನುಷ್ಯನ ಮನಸ್ಸೇ ಹೊರತು ಪ್ರಾಣಿಯಲ್ಲ. ನಾಯಿಯು ತನ್ನ ಸ್ವಭಾವದಂತೆ ನಡೆಯುತ್ತದೆ. ಅದರಲ್ಲಿ ಅದಕ್ಕೆ ದೋಷವಿಲ್ಲ. ಅರಿವುಳ್ಳ ಮನುಷ್ಯನು ಅರಿವಿಲ್ಲದಂತೆ ನಡೆದಾಗ ಶರಣರು ಅವನಿಗೆ ಆ ಕನ್ನಡಿಯನ್ನು ಹಿಡಿದರು. ಆ ಉಪಮೆಯನ್ನು ತೆಗೆದುಕೊಂಡು ಪ್ರಾಣಿಯನ್ನು ಹೊಡೆಯುವುದು ಕನ್ನಡಿಯಲ್ಲಿ ಕಂಡ ಮುಖದ ಮಸಿಗೆ ಕನ್ನಡಿಯನ್ನೇ ಒಡೆದಂತೆ.

ಅದರ ಕರ್ಮವನ್ನು ಅದು ಅನುಭವಿಸಲಿ ಎಂಬ ಮಾತು ಎರಡನೆಯ ಆಕ್ಷೇಪ. ಇದರ ಟೊಳ್ಳುತನವನ್ನು ಕಾಣುವುದು ಕಷ್ಟವಲ್ಲ. ಹೀಗೆ ಹೇಳುವವನ ಮಗುವಿಗೆ ಜ್ವರ ಬಂದರೆ ಅವನು ಕರ್ಮದ ಮಾತನ್ನು ಮರೆತು ವೈದ್ಯನ ಮನೆಗೆ ಓಡುತ್ತಾನೆ. ಓಡುವುದು ಸರಿಯೂ ಹೌದು. ಮತ್ತೊಬ್ಬರ ನೋವಿನಲ್ಲಿ ಕರ್ಮವನ್ನೂ ತನ್ನವರ ನೋವಿನಲ್ಲಿ ಔಷಧವನ್ನೂ ನೆನೆಯುವುದು ಸಿದ್ಧಾಂತವಲ್ಲ, ಸೋಮಾರಿತನ. ಬಿದ್ದ ಜೀವವು ಕಣ್ಣಮುಂದೆ ಇರುವಾಗ ಅದರ ಪೂರ್ವವನ್ನು ಲೆಕ್ಕಹಾಕುವುದು ಗೃಹಸ್ಥನ ಕೆಲಸವಲ್ಲ. ಅವನ ಪಾಲಿಗೆ ಬಂದ ಕಾಯಕವೆಂದರೆ ಅದನ್ನು ಎತ್ತುವುದು.

ಮೂರನೆಯ ಆಕ್ಷೇಪವು ಬಡತನದ್ದು. ಇದನ್ನು ಹಗುರವಾಗಿ ಕಾಣಕೂಡದು. ಮಕ್ಕಳಿಗೆ ಹಾಲು ಸಾಲದ ಮನೆಯಲ್ಲಿ ನಾಯಿಯ ಚಿಕಿತ್ಸೆಗೆ ಸಾಲಮಾಡಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಮೆದುಳಿನ ಚಿತ್ರ ತೆಗೆಯಿಸುವಷ್ಟು ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಈ ವ್ಯಾಧಿಯಲ್ಲಿ ಮುಖ್ಯವಾಗಿ ಬೇಕಾದುದು ಹಣವಲ್ಲ, ಶುಶ್ರೂಷೆ. ಒಮ್ಮೆ ವೈದ್ಯನಿಗೆ ತೋರಿಸುವುದು, ಓಕರಿಕೆ ನಿಲ್ಲಲು ಅವನು ಕೊಟ್ಟ ಔಷಧ, ಬೇಕೆನಿಸಿದರೆ ನರಕ್ಕೆ ಏರಿಸುವ ದ್ರವ. ಉಳಿದುದೆಲ್ಲವೂ ಕೈಯ ಕೆಲಸ. ಬಡವನಿಗೂ ಕೈಗಳಿವೆ. ಶಕ್ತಿಗೆ ಮೀರಿದ್ದನ್ನು ಮಾಡದವನು ದೋಷಿಯಲ್ಲ. ಶಕ್ತಿಯೊಳಗಿದ್ದುದನ್ನು ಮಾಡದವನು ಮಾತ್ರ ಉತ್ತರ ಹೇಳಬೇಕಾದವನು.

ಆ ಕೈಯ ಕೆಲಸವೂ ಅರಿತು ಮಾಡತಕ್ಕದ್ದು. ಜಾರುವ ನೆಲದ ಮೇಲೆ ಗೋಣಿತಾಟನ್ನೋ ಕಂಬಳಿಯನ್ನೋ ಹಾಸಿ ನಾಯಿಯನ್ನು ಮಲಗಿಸಬೇಕು. ಮೆಟ್ಟಿಲು, ಬಾವಿಕಟ್ಟೆಗಳಿಂದ ದೂರವಿಡಬೇಕು. ಪದೇ ಪದೇ ಎತ್ತಿ ಆಡಿಸಿದರೆ ತಲೆಸುತ್ತು ಹೆಚ್ಚುತ್ತದೆ. ರಾತ್ರಿಯಲ್ಲಿ ಸಣ್ಣ ದೀಪವೊಂದಿದ್ದರೆ, ಕಿವಿಯು ಕೊಡಲಾರದ ಆಧಾರವನ್ನು ಪ್ರಾಣಿಯು ಕಣ್ಣಿನಿಂದ ಪಡೆಯುತ್ತದೆ. ನೀರಿನ ಬಟ್ಟಲನ್ನು ಬಾಯ ಬಳಿಗೆ ಒಯ್ದು, ತಲೆಯನ್ನು ನೆಟ್ಟಗೆ ಹಿಡಿದು, ತಾನಾಗಿ ನೆಕ್ಕಲು ಬಿಡಬೇಕು. ಬಲಾತ್ಕಾರದಿಂದ ಗಂಟಲಿಗೆ ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಏಳಲಾರದಿದ್ದರೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ತಿರುಗಿಸಬೇಕು. ಇಲ್ಲವಾದರೆ ಎಲುಬು ಒತ್ತಿ ಹುಣ್ಣಾಗುತ್ತದೆ. ಹೊಟ್ಟೆಯ ಕೆಳಗೆ ಟವೆಲನ್ನು ಹಾಯಿಸಿ ಹಿಡಿದರೆ ಮೂತ್ರಕ್ಕೆ ಹೊರಗೆ ನಡೆಸಬಹುದು. ಮನುಷ್ಯರು ನುಂಗುವ ನೋವಿನ ಮಾತ್ರೆಗಳನ್ನು ವೈದ್ಯನನ್ನು ಕೇಳದೆ ಎಂದಿಗೂ ಕೊಡಬಾರದು. ಅವುಗಳಲ್ಲಿ ಕೆಲವು ನಾಯಿಗೆ ವಿಷವೇ ಆಗುತ್ತವೆ. ಇದು ಯಾವುದೂ ದೊಡ್ಡ ಕೆಲಸವಲ್ಲ. ಆದರೆ ಹೊಲಸನ್ನು ಬಳಿಯುವುದರಲ್ಲಿ, ಅರ್ಧರಾತ್ರಿಯಲ್ಲಿ ಎದ್ದು ಮಗ್ಗುಲು ಬದಲಿಸುವುದರಲ್ಲಿ ದಯೆಯು ಭಾವದ ಮಟ್ಟದಿಂದ ಇಳಿದು ಕಾಯಕವಾಗುತ್ತದೆ. ಕಣ್ಣೀರಿಗಿಂತ ಅದರ ಬೆಲೆ ಹೆಚ್ಚು.

ಇನ್ನು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆಯೊಂದು ಉಳಿಯುತ್ತದೆ. ನೋಡಿ, ಕೇಳಿ, ಕಾದು, ಕಡೆಗೆ ವೈದ್ಯನು ಇದು ವಾಸಿಯಾಗುವ ರೋಗವಲ್ಲ, ನೋವು ಹೆಚ್ಚುತ್ತ ಹೋಗುವುದು ಎಂದು ಹೇಳಿದರೆ? ಆಗ ಅದರ ಪ್ರಾಣವನ್ನು ನೋವಿಲ್ಲದಂತೆ ತೆಗೆಯಿಸುವುದು ಧರ್ಮವೋ ಅಧರ್ಮವೋ? ಜೀವವನ್ನು ಕೊಡಲಾರದವನಿಗೆ ತೆಗೆಯುವ ಅಧಿಕಾರವಿಲ್ಲ ಎಂದು ಕೆಲವರು. ತೀರದ ಯಾತನೆಯಲ್ಲಿ ಬಿಡುವುದೇ ಹಿಂಸೆ ಎಂದು ಕೆಲವರು. ಎರಡೂ ಪಕ್ಷಗಳಲ್ಲಿ ಪ್ರಾಮಾಣಿಕರಿದ್ದಾರೆ. ಭಾರತದ ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯೂ ಈ ಇಕ್ಕಟ್ಟನ್ನು ಬಲ್ಲದು. ಪ್ರಾಣಿಯನ್ನು ಸಾಕಿದವನು ಅದರ ಕ್ಷೇಮಕ್ಕೆ ತಕ್ಕ ಕ್ರಮವನ್ನು ಕೈಕೊಳ್ಳಬೇಕೆಂದು ಅದರ ೩ನೆಯ ಕಲಮು ವಿಧಿಸುತ್ತದೆ. ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬರುವುದನ್ನು ೧೧ನೆಯ ಕಲಮು ಅಪರಾಧವೆನ್ನುತ್ತದೆ. ಬದುಕಿಸಿಡುವುದೇ ಕ್ರೌರ್ಯವಾಗುವಷ್ಟು ನರಳುವ ಪ್ರಾಣಿಯ ಜೀವವನ್ನು ಕೊನೆಗೊಳಿಸಲು ೧೩ನೆಯ ಕಲಮಿನಲ್ಲಿ ಅವಕಾಶವಿದೆ. ಹೊಲದ ಬದುವಿನಲ್ಲಿ ಬಿಟ್ಟುಬರುವ ದಾರಿಯನ್ನು ಕಾಯಿದೆಯೂ ಒಪ್ಪದು, ಮನಸ್ಸಾಕ್ಷಿಯೂ ಒಪ್ಪದು.

ಉಳಿದ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಒಂದೊಂದು ಕರ್ತವ್ಯವು ಅಂಟಿಕೊಂಡು ಬರುತ್ತದೆ. ಕೊಲ್ಲೆನೆಂಬ ವ್ರತವನ್ನು ಹಿಡಿದವನು ನೋವನ್ನು ಶಮನಗೊಳಿಸುವ ಹೊಣೆಯನ್ನೂ ಹಿಡಿಯಬೇಕು. ಔಷಧವನ್ನೂ ಕೊಡದೆ, ಹತ್ತಿರವೂ ಕುಳಿತುಕೊಳ್ಳದೆ, ಕೊಲ್ಲಲಿಲ್ಲವೆಂಬ ಒಂದೇ ಹೆಮ್ಮೆಯಿಂದ ಇರುವವನು ತನ್ನ ಕೈಯ ಶುದ್ಧಿಯನ್ನು ಕಾಯ್ದನೇ ವಿನಾ ಆ ಜೀವವನ್ನಲ್ಲ. ಕೊನೆಗಾಣಿಸುವುದೇ ದಯೆಯೆನ್ನುವವನು ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಶುಶ್ರೂಷೆಯ ಭಾರವನ್ನೆಲ್ಲ ನಾಳೆಯಿಂದ ಬೇರೊಬ್ಬರು ಹೊತ್ತು, ಇದರ ನರಳಾಟವು ತನ್ನ ಕಿವಿಗೆ ಬೀಳದಂತಾದರೆ, ಆಗಲೂ ಇದರ ಪ್ರಾಣ ಹೋಗುವುದೇ ಒಳಿತೆಂದು ತಾನು ಹೇಳುವೆನೆ? ಹೌದೆಂದು ಮನಸ್ಸು ಉತ್ತರಿಸಿದರೆ ಅದು ಪ್ರಾಣಿಯ ನೋವನ್ನು ಕುರಿತ ವಿಚಾರ. ಇಲ್ಲವೆಂದಾದರೆ, ಮುಗಿಯಬೇಕೆಂದು ಬಯಸಿದ ನೋವು ನಾಯಿಯದಲ್ಲ, ನೋಡುವವನದು.

ಈ ಭೇದವನ್ನು ಗುರುತಿಸುವುದೇ ಪ್ರಕೃತ ವಿಚಾರದ ತಿರುಳು. ಬಿದ್ದು ಹೊರಳುವ ಜೀವವನ್ನು ನೋಡಲಾರದ ಮನಸ್ಸು ಮೃದುವಾದುದೇ ಇರಬಹುದು. ಆದರೆ ನೋಡಲಾರೆನೆಂಬುದು ಇನ್ನೂ ದಯೆಯಲ್ಲ. ಅದು ದಯೆಯ ಬಾಗಿಲು ಮಾತ್ರ. ಆ ಬಾಗಿಲಿನಿಂದ ಒಳಗೆ ಹೋಗಿ ಹತ್ತಿರ ಕುಳಿತು ನೋಡಿದವನು ದಯಾಳು. ಬಾಗಿಲಿನಿಂದ ಹೊರಗೆ ಓಡಿದವನು ತನ್ನ ಸಂಕಟವನ್ನು ಕಳೆದುಕೊಂಡವನು. ಹೊರಗೆ ಓಡುವ ದಾರಿಗಳು ಹಲವು. ಆತುರದ ಸೂಜಿಯೂ ಒಂದು, ಹೊಲದ ಬದುವೂ ಒಂದು, ಕರ್ಮದ ಮಾತೂ ಒಂದು.

ಮನೆಯ ಮಕ್ಕಳು ಇವೆಲ್ಲವನ್ನೂ ನೋಡುತ್ತಿರುತ್ತಾರೆಂಬುದನ್ನು ಹಿರಿಯರು ಮರೆಯಬಾರದು. ಜಗಲಿಯ ಮೇಲೆ ಕುಳಿತ ಅಜ್ಜಿಯೂ ನೋಡುತ್ತಿರುತ್ತಾಳೆ. ದುಡಿಯಲಾರದ ಜೀವಕ್ಕೆ ಈ ಮನೆಯಲ್ಲಿ ಎಷ್ಟು ದಿನಗಳ ತಾಳ್ಮೆಯುಂಟೆಂಬುದನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. ಅಜ್ಜಿಯು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿಯೇ ಅಳೆದುಕೊಳ್ಳುತ್ತಾಳೆ. ನೂರು ಸಲ ಓದಿಸಿದ ನೀತಿಪಾಠಕ್ಕಿಂತ ಮುದಿನಾಯಿಯ ಪಕ್ಕದಲ್ಲಿಟ್ಟ ಒಂದು ನೀರಿನ ಬಟ್ಟಲು ಹೆಚ್ಚು ಹೇಳುತ್ತದೆ.

ಆದುದರಿಂದ ಸದ್ಗೃಹಸ್ಥರು ಇಷ್ಟನ್ನು ನೆನಪಿನಲ್ಲಿಡುವುದು ಲೇಸು. ಮುದಿನಾಯಿಯು ಹಠಾತ್ತನೆ ಬಿದ್ದ ದಿನ ತೀರ್ಪು ಕೊಡುವ ದಿನವಲ್ಲ, ನೋಡುವ ದಿನ. ವಸಡು ಬಿಳುಚಿದೆಯೋ, ಉಸಿರು ಸರಿಯಾಗಿದೆಯೋ, ಕಣ್ಣು ಅದುರುತ್ತಿದೆಯೋ, ಲಸಿಕೆ ಹಾಕಿಸಿತ್ತೋ ಎಂಬುದನ್ನು ಗಮನಿಸಿ ಅಂದೇ ಪಶುವೈದ್ಯನಿಗೆ ತೋರಿಸಬೇಕು. ಕಾಯಬಹುದೆಂದು ಅವನು ಹೇಳಿದರೆ ಕಾಯಬೇಕು. ಎದ್ದರೆ, ತಲೆ ಓರೆಯಾಗಿಯೇ ಇರಲಿ, ಅಂಗಳದ ಅದರ ಜಾಗವು ಅದಕ್ಕೆ ಮೀಸಲಾಗಿರಲಿ. ಏಳದಿದ್ದರೆ, ಅದರ ಕೊನೆಯ ದಿನಗಳು ಪರಿಚಿತವಾದ ಕೈಗಳ ನಡುವೆ ಕಳೆಯಲಿ. ಅರಿತು ಮಾಡಿದ ದಯೆಗೆ ಪ್ರತಿಫಲವಾಗಿ ನಾಯಿಯು ಜೀವಂತವಾಗಿ ಉಳಿಯಲೇಬೇಕೆಂಬ ನಿಯಮವಿಲ್ಲ. ಮಾಡತಕ್ಕದ್ದನ್ನು ಅರಿತು ಮಾಡಿದೆನೆಂಬ ನೆಮ್ಮದಿಯು ಮಾತ್ರ ಅಂತಹ ಮನೆಯಲ್ಲಿ ಉಳಿಯುತ್ತದೆ.